ಬ್ರೆಡ್ಡಿನ ವ್ಯಾನು

ಕಟಪಾಡಿಯ ಬೇಕರಿ ಬಾಗಿಲು ಮುಚ್ಚಿದಾಗ
ಅದರ ವ್ಯಾನನ್ನು ಬೋನಿಫಾಸ್ ಬೊಂದೇಲಿಗೆ ತಂದ.
ಅಕ್ಷರ ಉಜ್ಜಿ ತೆಗೆದದ್ದು ಹೌದು, ಆದರೂ
ಓರೆ ಬಿಸಿಲು ಬಿದ್ದರೆ ಮಗ್ಗುಲಲ್ಲಿ ಮೂಡುತ್ತದೆ:
ಬನ್ನು, ರಸ್ಕು, ಖಾರ—
ಖಾರ ಎಂತದ್ದು ಅಂತ ಅಳಿಸಿಹೋಗಿದೆ.

ಟ್ರೇ ಇದ್ದಲ್ಲಿ ಹಲಸಿನ ಹಲಗೆಯ ಮಂಚ,
ಒಂದು ಬರ್ನರಿನ ಒಲೆ, ನೀರಿನ ಕ್ಯಾನು,
ಸೊಳ್ಳೆಪರದೆ, ನನ್ನ ಬಿ.ಪಿ. ಮಾತ್ರೆ.
ಮಂಚದ ಕೆಳಗೆ ಬೊಳ್ಳು,
ಬಿಳಿಯವಳು, ವಯಸ್ಸಾಗಿ ಹಳದಿಗೆ ತಿರುಗಿದವಳು;
ಮತ್ತೆ ತಾಂಡೇಲ,
ಹೆಸರಿಗೆ ತಾಂಡೇಲ, ಅಲೆ ಕಂಡರೆ ಬಾಲ ಮಡಚುವವನು.
ಹಲಗೆಯ ಸಂದಿಯಲ್ಲಿ ಉಳಿದ ಹಳೇ ಬ್ರೆಡ್ಡಿನ ವಾಸನೆಯನ್ನು
ಇಬ್ಬರೂ ಮೂರು ದಿನ ನೆಕ್ಕಿದರು.

ನನ್ನ ಗಂಡ ಹಡಗಿನ ಅಡುಗೆಯವ.
ಮಾರ್ಸೇಲ್ ಬಂದರಿನಲ್ಲಿ ಒಮ್ಮೆ
ಈರುಳ್ಳಿ ಕೊಚ್ಚುತ್ತ ಗುಂಡು ಕಿಟಕಿಯಿಂದ ನೋಡಿದ್ದನಂತೆ:
ಮನೆಯನ್ನೇ ಹೊಟ್ಟೆಯಲ್ಲಿಟ್ಟುಕೊಂಡ ಒಂದು ವ್ಯಾನು,
ಒಬ್ಬ ಮುದುಕ, ಒಬ್ಬಳು ಮುದುಕಿ, ಎರಡು ನಾಯಿ,
ಕುರ್ಚಿ ಬಿಡಿಸಿ ಕೂತು
ಮೊಳದುದ್ದದ ಬ್ರೆಡ್ಡು ಮುರಿಯುತ್ತಿದ್ದರಂತೆ.
ಇಳಿಯಲು ಅವನಿಗೆ ಪಾಸು ಸಿಗಲಿಲ್ಲ.
ಇಪ್ಪತ್ತಾರು ವರ್ಷ ಇದನ್ನೇ ಹೇಳಿದ್ದಾನೆ,
ಪ್ರತಿ ಸಲವೂ ನಾಯಿಗಳ ಬಣ್ಣ ಬೇರೆ.

ಅಲ್ಲಿಯವರೆಗೆ ಹೋಗಲು ನಮ್ಮ ಡೀಸೆಲ್ ಸಾಕಾ?
ಉಡುಪಿಯ ಕಡೆಗೆ ಹೊರಟೆವು.
ಮೂಲ್ಕಿ ಸೇತುವೆಯ ಮೇಲೆ ‘ಇದೇ ರೋನ್ ನದಿ ಅಂತ ಇಟ್ಟುಕೋ’ ಎಂದ.
ಇಟ್ಟುಕೊಂಡೆ. ಶಾಂಭವಿ ಬೇಜಾರು ಮಾಡಲಿಲ್ಲ.
ಹೆಜಮಾಡಿ ಟೋಲಿನ ಹುಡುಗ ಬಗ್ಗಿ ಕೇಳಿದ: ‘ಒಳಗೆ ಎಂತ ಉಂಟು?’
‘ಸಂಸಾರ’ ಅಂದೆ.
ತಾಂಡೇಲ ಬೊಗಳಿದ, ಗೇಟು ಎದ್ದಿತು.
ಪಡುಬಿದ್ರಿಯ ಗಾಳಿಗೂ ಒಂದು ಹೆಸರು ಕೊಟ್ಟ,
ಅದು ನನ್ನ ನಾಲಿಗೆಗೆ ಹತ್ತಲಿಲ್ಲ.

ಕಾಪುವಿನಲ್ಲಿ ರಾತ್ರಿ.
ದೀಪಸ್ತಂಭದ ಬೆಳಕು ಸುತ್ತು ಬಂದಾಗಲೆಲ್ಲ ಬೊಳ್ಳು ಒಂದು ಬೊಗಳು.
ನಾನು ಎಣಿಸಿದೆ, ನಾನೂರಾಚೆ ನಿದ್ದೆ ಬಂತು.

ಬೆಳಿಗ್ಗೆ ಮಟ್ಟುವಿನ ಗದ್ದೆ ದಾರಿಯಲ್ಲಿ ದನ ಅಡ್ಡ ನಿಂತು
ಬೋನಿಫಾಸ್ ಹಾರನ್ ಒತ್ತಿದ.
ಅದೊಂದನ್ನು ಬದಲಿಸಿರಲಿಲ್ಲ: ಪೋಂಯ್ಕ್.
ದನ ಹಂದಲಿಲ್ಲ. ಬಾಗಿಲುಗಳು ತೆರೆದವು.
ಒದ್ದೆ ಕೈ ಸೀರೆಗೆ ಒರೆಸುತ್ತ ಅಪ್ಪಿಯಕ್ಕ,
ಚೀಲ ಹಿಡಿದ ಒಬ್ಬಾಕೆ,
ಚಡ್ಡಿ ಜಾರುತ್ತಿದ್ದರೂ ನಾಣ್ಯ ಜಾರಲು ಬಿಡದ ಒಂದು ಪೋರ.
‘ಎಂಟು ತಿಂಗಳು ಎಲ್ಲಿ ಸತ್ತಿದ್ದೆ ಮಾರಾಯ?’
ಅಪ್ಪಿಯಕ್ಕ ಕೇಳಿದ್ದು ವ್ಯಾನನ್ನು.

ವಿವರಿಸಿ ಹೇಳಬಹುದಿತ್ತು.
ನನ್ನ ಗಂಡ ಇಳಿದು, ಹಿಂದಿನ ಬಾಗಿಲು ತೆಗೆದು,
ನಮ್ಮ ಎರಡು ಪೌಂಡು ಬ್ರೆಡ್ಡು ಕೊಟ್ಟ,
ನಾಯಿಗಳ ರಸ್ಕು ಪೋರನಿಗೆ.
ತಾಂಡೇಲ ನನ್ನನ್ನು ನೋಡಿದ ನೋಟ, ದೇವರೇ.
‘ನಾಳೆ ಬನ್ನು ತರ್ತೀರಲ್ಲ?’
‘ತರ್ತೇವೆ’ ಎಂದದ್ದು ಯಾರು? ನಾನೇ.

ಮಾರನೆಯ ದಿನ ಉಡುಪಿಯಿಂದ ಅರುವತ್ತು ಬನ್ನು.
ಅದರ ಮರುದಿನ ನೂರು.
ಗೋಕರ್ಣ, ಗೋವಾ ಎಂದು ಗೆರೆ ಎಳೆದಿದ್ದ ನಕ್ಷೆಯಲ್ಲಿ
ಈಗ ಮಟ್ಟುಗುಳ್ಳ ಸುತ್ತಿಟ್ಟಿದ್ದೇನೆ.

ಸಂಜೆ ಪಡುಕೆರೆಯಲ್ಲಿ ಕುರ್ಚಿ ಬಿಡಿಸುತ್ತೇವೆ.
ಮಿಕ್ಕ ಬನ್ನು ನಾಲ್ಕು ಪಾಲು.
ಮಲ್ಪೆಯಿಂದ ಹೊರಟ ಬೋಟೊಂದು ಇಷ್ಟು ಹತ್ತಿರ ಹಾಯಿತು,
ಹಿಂದುಗಡೆ ಕೂತ ಹುಡುಗ ಈರುಳ್ಳಿ ಸುಲಿಯುವುದು ನಿಲ್ಲಿಸಿ
ನಮ್ಮನ್ನೇ ನೋಡಿದ.
ಬೋನಿಫಾಸ್ ಏನೂ ಹೇಳಲಿಲ್ಲ,
ಬೊಳ್ಳುವನ್ನು ಎತ್ತಿ
ಬೆಳಕಿನ ಕಡೆಗೆ ಹಿಡಿದ.