ಮೂವತ್ತೆರಡು

ಕೌಲ್ ಬಜಾರಿನ ಓಣಿಯಲ್ಲಿ ರಾತ್ರಿ ಹತ್ತೂವರೆ.
ಷಟರ್ ಅರ್ಧ ಇಳಿದಿದೆ.
ನೀಲಿ ಹತ್ತಿದ ಕೀಬೋರ್ಡಿನ ಮೇಲೆ ನನ್ನ ಬೆರಳು,
ಎದುರಿಗೆ ಕರಿ ಪರದೆ, ಅದರೊಳಗೆ ಒಂದೇ ಸಾಲು:
ಡ್ರೈವರ್ ಸಿಗಲಿಲ್ಲ. ಬಿಲ್ಡ್ ನಿಂತಿದೆ.

ಏಳನೇ ಸಲ.

ಪ್ಲಾಟರ್ ಪೆನ್ನು ಎತ್ತಿ ಹಿಡಿದು
ಬಾಯಿಗೆ ಬಂದ ಹೆಸರು ಮರೆತವರ ಹಾಗೆ ನಿಂತಿದೆ.
ಉದ್ದಕ್ಕೆ ಹಾಸಿದ ಕಾಗದದ ಮೇಲೆ ಒಂದು ಗೆರೆಯಿಲ್ಲ.
ಆ ಕಡೆ ಮೇಜಿನ ತುಂಬ ಎಂಬತ್ತು ಪದರ ಡೆನಿಮ್,
ಖಾಜಾಸಾಬರ ಬಾಯಲ್ಲಿ ಹಚ್ಚದ ಬೀಡಿ.
ಬಟ್ಟೆಯ ಹತ್ತಿರ ಅವರು ಕಡ್ಡಿ ಗೀರುವುದಿಲ್ಲ.
"ಏನಂತೈತವ್ವಾ ನಿನ್ನ ಪೆಟ್ಟಿಗಿ?"
"ಫೋಲ್ಡರ್ ಹುಡುಕಾಕತ್ತೈತಿ ಮಾಸ್ತರ್."
"ನಾನೂ ಹಂಗ ಕನ್ನಡಕ ಹುಡುಕ್ತೀನಿ.
ಹಣಿಮ್ಯಾಲ ಇರತೈತಿ."

ಸ್ಕ್ರಿಪ್ಟು ಬರೆದವಳು ನಾನೇ.
ಮೊದಲು ಕೇಳು, ಇದು ಯಾವ ಮಷೀನು?
ಅರವತ್ನಾಲ್ಕು ಬಿಟ್ ಅಂದರೆ ಆ ಮನೆಗೆ,
ಮೂವತ್ತೆರಡು ಅಂದರೆ ಈ ಮನೆಗೆ,
ಬಾಗಿಲ ಮೇಲಿನ ನಂಬರು ನೋಡಿ ಒಳಗೆ ಹೋಗು,
ಇದ್ದದ್ದನ್ನು ಎತ್ತಿಕೊಂಡು ಬಾ, ಕೂಡಿಸು, ಸುಮ್ಮನಿರು.
ಹನ್ನೊಂದು ತಿಂಗಳು ಹೇಳಿದ ಮಾತು ಕೇಳಿತು.
ನಮ್ಮ ಮಷೀನು ಹಳೇದು,
ಯಾವುದೋ ಕಚೇರಿ ಹರಾಜಿಗೆ ಹಾಕಿದ್ದನ್ನು
ಪಂಪಾಪತಿ ಸಾಹುಕಾರರು ಆಟೋದಲ್ಲಿ ತಂದದ್ದು,
ಮೂವತ್ತೆರಡರದ್ದೇ.

ವೈರು ನೋಡಿದೆ. ಡ್ರೈವಿನ ಅಕ್ಷರ ನೋಡಿದೆ.
ಒಂದು ಕಡೆ ಗೆರೆ ಎಡಕ್ಕೆ ವಾಲಿತ್ತು, ಬಲಕ್ಕೆ ವಾಲಿಸಿದೆ,
ಮತ್ತೆ ಎಡಕ್ಕೆ.
"ಆಫ್ ಮಾಡಿ ಆನ್ ಮಾಡ್ರಿ ಅಕ್ಕಾ," ಅಂದ ಗಾದಿಲಿಂಗ.
ಮಾಡಿದೆ.
ಅಷ್ಟರಲ್ಲಿ ಕರೆಂಟೇ ಹೋಗಿ ಅದೇ ಆಫ್ ಮಾಡಿತು,
ಬಂದು ಅದೇ ಆನ್ ಮಾಡಿತು.
ಡ್ರೈವರ್ ಸಿಗಲಿಲ್ಲ.

ಕೊನೆಗೆ, ಕತ್ತಲ ಬಾವಿಗೆ ಇಳಿದವನನ್ನು
ಮಾತಾಡಿಸುತ್ತ ಇರುತ್ತಾರಲ್ಲ ಹಾಗೆ,
ಸಾಲುಸಾಲಿಗೂ ಒಂದು ಕೂಗು ಸೇರಿಸಿದೆ:
ಎಲ್ಲಿದ್ದೀ, ಏನು ಕಾಣುತ್ತದೆ, ಹೇಳು.
ಹೇಳಿತು.
ನಾನು 32ರ ಒಳಗಿದ್ದೇನೆ.
ಇಲ್ಲಿ ಮುಂಭಾಗ, ಹಿಂಭಾಗ,
ಜೇಬು, ಜಿಪ್ಪಿನ ಪಟ್ಟಿ, ನಡಪಟ್ಟಿ.

ನಡಪಟ್ಟಿ!

"ಗಾದಿಲಿಂಗಾ, ಈ ಫೋಲ್ಡರ್ ಯಾರು ಮಾಡಿದ್ದು?"
"ನಾನಾ ಅಕ್ಕಾ, ಶುಕ್ರವಾರ. ಎಲ್ಲಾ ಕಲಸಿಹೋಗಿದ್ವು,
ನಡದ ಪ್ರಕಾರ ಚೊಕ್ಕ ಮಾಡಿಟ್ಟೆ.
ಇಪ್ಪತ್ತಾರು, ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು..."
ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಸಾಲು ಕಣ್ಣಿಗೆ ಬಿತ್ತು,
ನನ್ನದೇ ಸಾಲು, ಹೋದ ದೀಪಾವಳಿಯ ಗಡಿಬಿಡಿಯಲ್ಲಿ ಬರೆದದ್ದು:
ಹೆಸರಿನಲ್ಲಿ 32 ಇರುವ ಮೊದಲನೆಯದನ್ನು ತಗೋ.
ಯಾವ ಮೂವತ್ತೆರಡು ಎಂದು ನಾನು ಹೇಳಿಯೇ ಇರಲಿಲ್ಲ.
ಅಂಕಿಗಳು ಅಕ್ಷರಕ್ಕಿಂತ ಮುಂದೆ ನಿಲ್ಲುತ್ತವೆ;
ಡ್ರೈವರ್ ಪಾಪ ಪಾಳಿಯ ಹಿಂದುಗಡೆ,
ತನ್ನ 32ನ್ನು ಬೆನ್ನಿಗೆ ಕಟ್ಟಿಕೊಂಡು.

ಖಾಜಾಸಾಬರಿಗೆ ಬಿಡಿಸಿ ಹೇಳಿದೆ. ನಕ್ಕರು,
ಬೀಡಿ ಈ ತುಟಿಯಿಂದ ಆ ತುಟಿಗೆ ಹೋಯಿತು.
"ನಂಬರ್ ನೋಡಿ ಕತ್ರಿ ಹಾಕಬಾರದವ್ವಾ,
ಯಾರ ನಡ ಅಂತ ಕೇಳ್ಬೇಕು.
ನಮ್ಮ ಮೂವತ್ತೆರಡಕ್ಕೂ ಬಾಂಬೆ ಮೂವತ್ತೆರಡಕ್ಕೂ
ಒಂದ್ ಬೆರಳು ಫರಕ ಐತಿ."
ಕೊರಳಿನ ಟೇಪು ತೆಗೆದು ಮಾನಿಟರಿನ ಸುತ್ತ ಹಿಡಿದರು.
"ಐವತ್ತಾರು. ಸುಳ್ಳು ಹೇಳತೈತಿ ನೋಡು."

ಪೂರ್ತಿ ಹೆಸರು ಬರೆದೆ, ಮೊದಲಕ್ಷರದಿಂದ ಕೊನೆಯ ಅಂಕಿಯವರೆಗೆ,
ಆ ಕಡೆ ಈ ಕಡೆ ಉದ್ಧರಣ ಚಿಹ್ನೆ, ಎರಡು ಬದಿಗೂ ಗುಂಡಿ ಹಾಕಿದ ಹಾಗೆ.
ಎಂಟರ್.
ಪ್ಲಾಟರ್ ಒಮ್ಮೆ ಕೆಮ್ಮಿ ಪೆನ್ನು ಇಳಿಸಿತು.
ಎಡಗಾಲಿನ ಒಳಗೆರೆ, ಮಂಡಿ, ಪಾದದ ಮಡಿಕೆ,
ಯಾರದೋ ಅರ್ಧ ದೇಹ ಕಾಗದದ ಮೇಲೆ ನಡೆದು ಬಂತು.
ಖಾಜಾಸಾಬರು ಬೀಡಿ ಹಚ್ಚಲು ಓಣಿಗೆ ಹೋದರು.

ಪರದೆಯ ತಳದಲ್ಲಿ ಒಂದು ಹಳದಿ ಸಾಲು ಉಳಿದಿದೆ:
ಎಚ್ಚರಿಕೆ, 26 ಖಾಲಿ.
"ಆ ಸೈಜ್ ಯಾರೂ ಕೇಳಂಗಿಲ್ಲಕ್ಕಾ, ಅಳಿಸ್ಲಾ?"
ಇಪ್ಪತ್ತಾರು.
ನನಗೂ ಒಂದು ಕಾಲಕ್ಕೆ ಅದೇ ಆಗುತ್ತಿತ್ತು.
"ಇರ್ಲಿ ಬಿಡೋ," ಅಂದೆ,
"ಅದರಿಂದ ಏನೂ ನಿಲ್ಲಂಗಿಲ್ಲ."