ಬೇಲಿಯೊಳಗಿಂದ ಬರುವ ಕೈ

ಲೈಪ್‌ಜಿಗ್ ಊರಿನಂಚು, ಟ್ರಾಮಿನ ಕೊನೆಯ ಸ್ಟಾಪು,
ರೈಲುಹಳಿಗೆ ಬೆನ್ನು ಕೊಟ್ಟು ಕೂತ ಸಾಲು ತೋಟಗಳು.
ಒಂದೊಂದಕ್ಕೂ ಮೊಣಕಾಲೆತ್ತರದ ಗೇಟು, ಒಂದು ನಂಬರು.
ನನ್ನದು ನಲವತ್ತೇಳು.
ಹಿಂದಿನ ಗುತ್ತಿಗೆಯವನು ಬಿಟ್ಟುಹೋದದ್ದು
ಹಿಡಿ ಸಡಿಲಾದ ಗುದ್ದಲಿ, ಮುದಿ ಸೇಬಿನ ಮರ,
ಶೆಡ್ಡಿನ ಮೂಲೆಯಲ್ಲಿ ಅರ್ಧ ಖಾಲಿ ಬಾಟಲಿ,
ಮತ್ತೆ ಗೀರ್ಶ್.

ಗೀರ್ಶ್ ಅಂದರೆ
ಮೂರಾಗಿ ಒಡೆದು ಮತ್ತೆ ಮೂರಾದ ಎಲೆ,
ಕೊತ್ತಂಬರಿಗೆ ದೂರದ ದಾಯಾದಿ.
ಮಣ್ಣ ಕೆಳಗೆ ಬಿಳೀ ಶಾವಿಗೆ.
ಎಳೆದರೆ ಬರುತ್ತದೆ, ಬಂದಂತೆ ಮಾಡಿ
ಪಟ್ಟನೆ ತುಂಡಾಗುತ್ತದೆ.
ಒಳಗುಳಿದ ಗೇಣುದ್ದ ಬೇರಿಗೆ, ಗೇಣು ಯಾಕೆ,
ಉಗುರಿನಷ್ಟು ಸಾಕು,
ಹತ್ತೇ ದಿನಕ್ಕೆ ಮತ್ತೆ ಹಸಿರು ಕೊಡೆ.

ಪಕ್ಕದ ತೋಟ ರೋಸ್ವಿಟಾಳದು.
ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ
ಹರಿದ ಎಳೆ ಹುಡುಕಿ ಗಂಟುಹಾಕಿದ ಬೆರಳು
ಈಗ ಎಳೆ ಹುಡುಕಿ ಬಿಡಿಸುತ್ತದೆ.
ಬಟಾಟೆ ಬೇಯಿಸಿದ ನೀರು ಚೆಲ್ಲುವುದಿಲ್ಲ ಅವಳು,
ಕುದಿಕುದಿಯುತ್ತಿರುವಾಗಲೇ ತಂದು
ದಾರಿಯ ಇಟ್ಟಿಗೆಸಂದಿಗೆ ಹುಯ್ಯುತ್ತಾಳೆ.
"ಉಪ್ಪು ಹಾಕದ ನೀರು ಆಗಿರಬೇಕು," ಅಂದಳು.
"ನಾಲಿಗೆ ಉಪ್ಪು ಮರೆಯುತ್ತೆ, ಮಣ್ಣು ಮರೆಯಲ್ಲ."
ನೆತ್ತಿ ಸುಡುವ ಹೊತ್ತಲ್ಲೇ ಗುದ್ದಲಿ ಆಡಿಸುತ್ತಾಳೆ,
ಬೇರು ಮೇಲಾದದ್ದು ಸಂಜೆಯೊಳಗೆ ಒಣಗಲೆಂದು.
ಬೇಲಿಯ ಸಂದಿನಿಂದ ಈಚೆ ಕೈ ಚಾಚಿ
ದಿನಾ ಒಂದು ಹಿಡಿ ಗೀರ್ಶ್ ಚಿವುಟಿ ಒಯ್ಯುತ್ತಾಳೆ
ಮುಫ್ತಿ ಎಂಬ ಮೊಲಕ್ಕೆ.
ನನ್ನ ಪೀಡೆ, ಅವನ ಉಪಾಹಾರ.

ಜುಲೈ. ಎರಡು ವಾರ ರಾತ್ರಿಪಾಳಿ,
ಟ್ರಾಮು ಓಡಿಸಿ ಓಡಿಸಿ ಕಣ್ಣೊಳಗೂ ಹಳಿ.
ಸಂಘದ ಕಾಗದ ಗೇಟಿಗೆ ಸಿಕ್ಕಿಸಿತ್ತು:
ನಲವತ್ತೇಳರ ಕಳೆ ನಲವತ್ತೆಂಟಕ್ಕೆ ಹಬ್ಬುತ್ತಿದೆ.
ಬೆಳಗಿನ ನಾಲ್ಕು ಗಂಟೆ.
ಬಾಟಲಿ ಅಲ್ಲಾಡಿಸಿದೆ. ಒಳಗೆ ಸದ್ದಿತ್ತು.
ಬೇಲಿಯ ಉದ್ದಕ್ಕೆ, ಹತ್ತು ಹೆಜ್ಜೆ, ಅಷ್ಟೇ.
ಯಾರೂ ನೋಡಲಿಲ್ಲ.

ಮೂರನೆಯ ದಿನ ಎಲೆ ಹಳದಿಯಾಯಿತು,
ಐದನೆಯ ದಿನ, ತಲೆ ಎತ್ತಿದ್ದೆಲ್ಲ ತಲೆ ಬಾಗಿ
ನೆನೆದ ಕಾಗದದ ಹಾಗೆ.
ರೋಸ್ವಿಟಾ ಏನೂ ಕೇಳಲಿಲ್ಲ.
ನಮಸ್ಕಾರ ಹೇಳಿದಳು, ಹವೆಯ ಬಗ್ಗೆ ಮಾತಾಡಿದಳು.
ಬೇಲಿಯ ಸಂದಿನಿಂದ ಕೈ ಮಾತ್ರ ಬರಲಿಲ್ಲ.
ಬುಟ್ಟಿ ಹಿಡಿದು, ಕುಂಟುತ್ತ, ಹಳಿ ದಾಟಿ
ಆಚೆ ದಿಬ್ಬಕ್ಕೆ ಹೋಗುವುದ ಕಂಡೆ.

ಬೈದಿದ್ದರೆ ಮಾರುತ್ತರ ಕೊಡಬಹುದಿತ್ತು.

ವಿಷದ ಡಬ್ಬಿಗಳನ್ನು ಒಯ್ಯುವ ಲಾರಿ
ತಿಂಗಳಿಗೊಮ್ಮೆ ಚರ್ಚಿನ ಹಿಂದೆ ನಿಲ್ಲುತ್ತದೆ.
ಬಾಟಲಿಯನ್ನು ಎರಡು ಚೀಲದಲ್ಲಿ ಸುತ್ತಿ
ಮಗುವಿನಂತಲ್ಲ, ಕದ್ದ ಮಾಲಿನಂತೆ ಹೊತ್ತು ಕೊಟ್ಟುಬಂದೆ.
ಸೈಕಲ್ಲಂಗಡಿಯಿಂದ ರಟ್ಟು ತಂದೆ,
ಟೇಪು ಕಿತ್ತು, ಪಿನ್ನು ಕಿತ್ತು, ಒಂದರ ಮೇಲೊಂದು
ಮೀನಿನ ಪೊರೆಯಂತೆ ಹಾಸಿ, ನೀರೆರೆದು
ಮೇಲೆ ಹುಲ್ಲು, ಒಣಗಿದೆಲೆ, ಮತ್ತೆ ಹುಲ್ಲು.
ಅಂಚಿನಲ್ಲಿ ತಪ್ಪಿಸಿಕೊಂಡದ್ದನ್ನು ದಿನಾ ಚಿವುಟಿದೆ.
ಬೆಳಕಿಲ್ಲದೆ ಎಷ್ಟು ದಿನ ಬದುಕುತ್ತದೆ ಒಂದು ಬೇರು?
ನಾನು ಎಣಿಸಿದ್ದು ಹದಿನಾಲ್ಕು ತಿಂಗಳು.
ಹಿಮ ಬಿತ್ತು, ರಟ್ಟು ಕೊಳೆಯಿತು, ಎರೆಹುಳ ಬಂದವು.
ಕಳೆ ಕಳೆಯುವುದೆಂದರೆ
ಹೆಚ್ಚಿನ ಪಾಲು ಕಾಲ ಕಳೆಯುವುದು.

ಸೆಪ್ಟೆಂಬರಿನಲ್ಲಿ ಹೊದಿಕೆ ಸರಿಸಿದೆ.
ಕಪ್ಪು ಮಣ್ಣು, ಮುಟ್ಟಿದರೆ ಪುಡಿ.
ಮೂಲಂಗಿ ಬಿತ್ತಿದೆ.
ಬೇಲಿಯ ಕಡೆ ಮಾತ್ರ
ಒಂದು ಮೊಳ ಅಗಲ ಬಿಟ್ಟುಕೊಟ್ಟಿದ್ದೆ
ಗೀರ್ಶಿಗೆ. ಹಬ್ಬದಂತೆ ಹಲಗೆ ಹೂಳಿ,
ಹೂ ಕಟ್ಟುವ ಮುಂಚೆ ಕತ್ತರಿಸುತ್ತ.

ನಿನ್ನೆ ಸಂಜೆ
ಸಂದಿನಿಂದ ಒಂದು ಕೈ ಬಂತು,
ನೂಲಿನ ಗಾಯದ ಹಳೆಯ ಗೆರೆಗಳಿದ್ದ ಕೈ.
ಎಳೆಯದೊಂದು ಎಲೆ ಮುರಿಯಿತು.
ಒಳಗೆ ಹೋಯಿತು.
ಬೇಲಿಯ ಆಚೆ ಮೂಸುವ ಸದ್ದು,
ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ,
ಮೂಲಂಗಿ ಮಡಿಯಲ್ಲಿ ಕೂತಲ್ಲೇ ಕೂತು
ನಾನು ಉಸಿರು ಹಿಡಿದಿದ್ದೆ.