ಐವತ್ತಾರು ಎಂಬ ಊರು

ನಿಮ್ಮಪ್ಪ ಯಾವ ಊರಲ್ಲಿದ್ದಾನೆ ಎಂದು ಮೇಷ್ಟ್ರು ಕೇಳಿದಾಗ
ಐವತ್ತಾರು ಅಂದಿದ್ದೆ.
ಕ್ಲಾಸು ನಕ್ಕಿತು. ಭೂಪಟದಲ್ಲಿ ತೋರಿಸು ಅಂದರು.
ತೀರಾ ಮೇಲೆ, ಹಿಮಕ್ಕೆಂದು ಬಣ್ಣ ಬಳಿಯದೆ ಬಿಟ್ಟ ಕಡೆ
ಬೆರಳಿಟ್ಟೆ.
ತಪ್ಪಿರಲಿಲ್ಲವೇನೋ.

ಕೇರ್ ಆಫ್ ಐವತ್ತಾರು ಎ.ಪಿ.ಓ.
ಓದು ಬಾರದ ನಿನ್ನ ಕೈ ಬರೆಯಬಲ್ಲ ಒಂದೇ ವಿಳಾಸ.
ಇನ್‌ಲ್ಯಾಂಡಿನ ಒಳಗಿನದು ನಾನು ಬರೆಯಬೇಕು,
ಹೊರಗಿನದು ನಿನ್ನದೇ:
ಅಪ್ಪನ ನಂಬರು, ಹೆಸರು, ಪಲ್ಟಣ, ಐವತ್ತಾರು,
ರಂಗೋಲಿಯ ಎಳೆ ಎಳೆದಷ್ಟು ಸಾವಕಾಶ,
ನಾಲಿಗೆಯ ತುದಿ ಹಲ್ಲಲ್ಲಿ ಹಿಡಿದು.

ಕೌಲ್ ಬಜಾರಿನ ಒಂದೂವರೆ ಕೋಣೆ.
ಜೀನ್ಸಿನ ಜೇಬು ಹೊಲಿಯುವ ಕೆಲಸ, ಡಜನ್ನಿಗಿಷ್ಟು ಅಂತ.
ಬಟ್ಟೆಯ ನೀಲಿ ನಿನ್ನ ಬೆರಳಿಗೆ, ಬೆರಳಿನದು ನಮ್ಮ ಕೆನ್ನೆಗೆ,
ಒಮ್ಮೆ ಮೊಸರಿನ ಗಡಿಗೆಗೂ.
ಮಷಿನ್ನಿನಿಂದ ಏಳುವಾಗ ನೀನು ಕೈಯೂರುತ್ತಿದ್ದ ಗೋಡೆಯಲ್ಲಿ
ನಾಲ್ಕು ಬೆರಳು ಈಗಲೂ ಇವೆ.
ಮೊನ್ನೆ ಸುಣ್ಣ ಹೊಡೆಯಲು ಬಂದವನಿಗೆ ಹೇಳಿದೆ,
ಅದೊಂದನ್ನು ಬಿಟ್ಟು ಹೊಡಿ.

ವಾರಕ್ಕೊಮ್ಮೆ, ಅದೂ ಸರಿರಾತ್ರಿ, ನಳ ಕೆಮ್ಮುತ್ತಿತ್ತು.
ಮೊದಲ ಕೆಮ್ಮಿಗೇ ನೀನು ಎದ್ದು ನಿಂತಿರುತ್ತಿದ್ದೆ.
"ನಿಮ್ಮಪ್ಪ ಅಲ್ಲಿ ಎದ್ದಿರ್ತಾನ, ನಾ ಇಲ್ಲಿ ಏಳಬೇಕು.
ಇಬ್ಬರೂ ಮಕ್ಕೊಂಡರ ಹೆಂಗ?"
ಎಂಟು ಕೊಡ, ಎರಡು ಡ್ರಮ್ಮು,
ಕಡೆಗೆ ಪಕ್ಕದ ಮನೆಯ ಖೈರೂನ್‌ಬಿಗೆ ಒಂದು ಬಕೆಟ್ಟು,
ಅವಳ ಮೊಣಕಾಲು ಮಡಚುತ್ತಿರಲಿಲ್ಲವಲ್ಲ.

ಯುದ್ಧದ ಆ ಬೇಸಿಗೆ ಓಣಿಯೆಲ್ಲ ಒಂದು ಟಿ.ವಿ. ಮುಂದೆ.
ನೀನು ಹೋಗಲಿಲ್ಲ.
ಮಷಿನ್ನಿನ ಸದ್ದಿನಲ್ಲಿ ಸುದ್ದಿ ಕೇಳಿಸುವುದಿಲ್ಲವೆಂದು ಕಂಡುಕೊಂಡಿದ್ದೆ.
ಆ ತಿಂಗಳು ಎಲ್ಲರಿಗಿಂತ ಹೆಚ್ಚು ಜೇಬು ನಿನ್ನವೇ ಅಂತ
ಸೇಟು ಸ್ಟೀಲಿನ ಡಬ್ಬಿ ಕೊಟ್ಟ.
ತಮ್ಮ ಅದರಲ್ಲಿ ಜೀರುಂಡೆ ಸಾಕಿದ.
ಒಂದು ರಾತ್ರಿ ಸೂಜಿ ಬೆರಳಿಗಿಳಿದರೂ
ನೀನು ತುಳಿಯುವುದನ್ನು ನಿಲ್ಲಿಸದ್ದು ನೋಡಿದೆ.
ನಿದ್ದೆಯಲ್ಲಿದ್ದವಳಂತೆ ಹೊರಳಿಕೊಂಡೆ.
ಎದ್ದು ಬರಬೇಕಿತ್ತು.

ರಜೆಗೆ ಬಂದ ಅಪ್ಪನ ಮೇಲೆ ಮೂರನೇ ದಿನಕ್ಕೇ ಸಿಡುಕುತ್ತಿದ್ದೆ.
ಕಂಬಳಿಯ ನಾಲ್ಕು ಮೂಲೆ ಸರಿಗಟ್ಟುವ ಅವನ ಚಟ,
ಒಗ್ಗಾಣಿ ಮಿರ್ಚಿಗೂ ಗಡಿಯಾರ ನೋಡುವುದು.
ಅವನು ತಂದ ಅಕ್ರೋಟನ್ನು ಬಾಗಿಲ ಸಂದಿಯಲ್ಲಿಟ್ಟು ಒಡೆದು
ನಮಗೆ ಒಂದೊಂದೇ ಎಣಿಸಿ ಕೊಡುತ್ತ, ಬೈಯುತ್ತ,
ಹೊರಡುವ ದಿನ ಮಾತ್ರ ಟ್ರಂಕಿನ ಮೇಲೆ ಕೂತುಬಿಡುತ್ತಿದ್ದೆ.
ಅವನು ಕಾಯುತ್ತಿದ್ದ. ಟಾಂಗಾದವನು ಕೂಗುತ್ತಿದ್ದ.
ಏಳುತ್ತಿದ್ದೆ.

ಪೆನ್ಷನ್ನಾಗಿ ಬಂದವನು ಮನೆಯಲ್ಲೇ ದಾರಿ ತಪ್ಪಿದ.
ಸಕ್ಕರೆ ಎಲ್ಲಿ, ಕರೆಂಟು ಬಿಲ್ಲು ಎಲ್ಲಿ,
ಮಗಳಿಗೆ ಖಾರ ಆಗುವುದಿಲ್ಲ ಎಂಬುದು ಯಾವಾಗಿನಿಂದ?
ಹೊಸದಾಗಿ ಭರ್ತಿಯಾದ ಹುಡುಗನಿಗೆ ಹೇಳುವ ಹಾಗೆ
ಒಂದೊಂದೇ ಹೇಳಿಕೊಟ್ಟೆ.
ನಳದ ಡ್ಯೂಟಿ ಮಾತ್ರ ಬಿಟ್ಟುಕೊಡಲಿಲ್ಲ.

ನಿನ್ನ ಮಣ್ಣು ಮಾಡಿ ಬಂದ ಮೂರನೆಯ ದಿನ
ಅಪ್ಪ ಟ್ರಂಕು ತೆರೆದ.
ನೀನು ಶೇಂಗಾ ಚಟ್ನಿಪುಡಿ ತುಂಬಿ ಬಾಯಿ ಹೊಲಿದು ಕಳಿಸುತ್ತಿದ್ದ
ಜೀನ್ಸು ಚೂರಿನ ಚೀಲಗಳು.
ಹತ್ತೊಂಬತ್ತು.
ಒಂದನ್ನೂ ಒಗೆದಿರಲಿಲ್ಲ. ಮೂಸಿದೆ,
ಎಲ್ಲೋ ಹೊಲಿಗೆಯ ಒಳಗೆ ಬೆಳ್ಳುಳ್ಳಿ.
"ಗುಡ್ಡದ ಮ್ಯಾಲೆ ಇವನ್ನ ಕೈಗವಸಿನ ಒಳಗ ಹಾಕ್ಕೊಂತಿದ್ದೆ" ಅಂದ.
"ಸುಂಕಿ ಹೊಲಿಗಿ ನೋಡು, ಒಂದೂ ಬಿಚ್ಚಿಲ್ಲ."
ನಿನ್ನನ್ನು ಸುಂಕಿ ಎಂದು ಕರೆಯುವನೆಂದೇ
ನನಗೆ ಗೊತ್ತಿರಲಿಲ್ಲ.

ನಿನ್ನೆ ರಾತ್ರಿ ನಳ ಕೆಮ್ಮಿತು.
ನಾನು ಏಳುವಷ್ಟರಲ್ಲಿ ಅವನು ಅಲ್ಲಿದ್ದ,
ಬನಿಯನ್ನಿನಲ್ಲಿ, ಬೆನ್ನು ನೆಟ್ಟಗೆ.
ಎಂಟು ಕೊಡ. ಎರಡು ಡ್ರಮ್ಮು.
ಖೈರೂನ್‌ಬಿ ತೀರಿಕೊಂಡು ಆರು ವರ್ಷ.
ಆ ಬಕೆಟ್ಟನ್ನೂ ತುಂಬಿ
ಹೊಸ್ತಿಲ ಹೊರಗಿಟ್ಟು ಬಂದ.